ಎರ್ರಪ್ಪನ ಸೌಟು, ಹಳದಿ ಚೀಲ

ಇಷ್ಟೆಲ್ಲ ರಂಪಕ್ಕೆ ಕಾರಣ ಒಂದು ಫ್ಯಾನು.

ಹಿಂದೂಪುರದ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದ ಮಲ್ಲಿಕಾರ್ಜುನಪ್ಪ ಮಠಕ್ಕೆ ಒಂದು ಫ್ಯಾನು ಕೊಡಿಸಿದ್ದ. ಕೊಡಿಸಿ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅದರ ಮೂರು ರೆಕ್ಕೆಗಳ ಮೇಲೂ ಕೆಂಪು ಬಣ್ಣದಲ್ಲಿ ತನ್ನ ಹೆಸರು ಬರೆಸಿದ್ದ. ಒಂದರ ಮೇಲೆ ಕನ್ನಡದಲ್ಲಿ, ಇನ್ನೊಂದರ ಮೇಲೆ ತೆಲುಗಿನಲ್ಲಿ, ಮೂರನೆಯದರ ಮೇಲೆ, ಹೊರಗಿನವರು ಯಾರಾದರೂ ಬಂದರೆ ಇರಲಿ ಅಂತ, ಇಂಗ್ಲಿಷಿನಲ್ಲಿ. ಆದರೆ ಫ್ಯಾನು ತಿರುಗಿದರೆ ಯಾವ ಭಾಷೆಯ ಹೆಸರೂ ಕಾಣುತ್ತಿರಲಿಲ್ಲ. ಅದಕ್ಕೇ ಶ್ರಾವಣದ ಒಂದು ಸೋಮವಾರ ಮಠದ ಅಯ್ಯನವರು ವಿನಯದ ಬಗ್ಗೆ ಪ್ರವಚನ ಹೇಳುತ್ತಿದ್ದಾಗ ಮಲ್ಲಿಕಾರ್ಜುನಪ್ಪ ಬೆಕ್ಕಿನ ಹಾಗೆ ಎದ್ದು ಹೋಗಿ, ಸ್ವಿಚ್ಚು ಆರಿಸಿ, ಏನೂ ಗೊತ್ತಿಲ್ಲದವನಂತೆ ಬಂದು ಕುಳಿತ. ಜನ ಒಂದು ಸಲ ತಲೆಯೆತ್ತಿ ಓದಿಕೊಳ್ಳಲಿ, ಆಮೇಲೆ ಹಾಕಿದರಾಯಿತು ಎನ್ನುವುದು ಅವನ ಲೆಕ್ಕ.

ಜನ ಓದಲಿಲ್ಲ, ಬೆವೆತರು. ಅಯ್ಯನವರ ಹಣೆಯ ವಿಭೂತಿ ಮೂರು ಗೆರೆ ಹೋಗಿ ಒಂದೇ ಕೆರೆಯಾಯಿತು.

"ಕರೆಂಟು ಹೋಯ್ತೇನಪ್ಪಾ?" ಅಂದರು ಅಯ್ಯನವರು.

"ಕರೆಂಟು ಹೋಗಿಲ್ಲ ಅಯ್ನೋರೇ," ಎಂದಳು ಹೆಂಗಸರ ಸಾಲಿನಿಂದ ಗಂಗಕ್ಕ. ಮಲ್ಲಿಕಾರ್ಜುನಪ್ಪನ ಪಕ್ಕದ ಮನೆಯವಳು. ಬೀದಿಯಲ್ಲಿ ಯಾರು ಸೀನಿದರೂ ಎದ್ದು ಹೋಗಿ ವಿಚಾರಿಸುವ ಹೆಂಗಸು. "ಮಲ್ಲಿಕಾರ್ಜುನಪ್ಪ ಆರ್ಸವ್ನೆ, ಎಲ್ಲಾರೂ ಹೆಸ್ರು ಓದ್ಕಳ್ಳಿ ಅಂತ. ಓದಿದ್ದಾಯ್ತು ಕಣಪ್ಪ, ಹಾಕು. ಬೆಂದೋಯ್ತಾ ಇದೀವಿ!"

ಮಠವೆಲ್ಲ ನಕ್ಕಿತು. ಎದುರು ಸಾಲಿನಲ್ಲಿದ್ದ ಸೀತಾರಾಮಪ್ಪ ಮಾತ್ರ ಪಾಪ ಅನ್ನಿಸಿ ತಲೆ ತಗ್ಗಿಸಿಕೊಂಡ. ಮಲ್ಲಿಕಾರ್ಜುನಪ್ಪನ ಅಂಗಡಿಗೆ ನೇರ ಎದುರಿಗಿನ ದಿನಸಿ ಅಂಗಡಿ ಅವನದು. ಅವನು ತಲೆ ತಗ್ಗಿಸಿದ್ದು ನಗು ಮುಚ್ಚಿಕೊಳ್ಳೋದಕ್ಕೇ ಇರಬೇಕು ಅಂತ ಮಲ್ಲಿಕಾರ್ಜುನಪ್ಪನಿಗೆ ಉರಿದುಹೋಯಿತು.

ನಗಿಸಿಕೊಳ್ಳೋದಕ್ಕೆ ಅದಕ್ಕಿಂತ ಕೆಟ್ಟ ದಿನ ಇರಲಿಲ್ಲ. ಯಾಕೆಂದರೆ ಆವತ್ತೇ ಅವನು ಅಯ್ಯನವರ ಹತ್ತಿರ ಸೌಟಿನ ಮಾತೆತ್ತಬೇಕು ಅಂತಿದ್ದ.

ಮಠದ ಅಡುಗೆಮನೆಯ ಗೋಡೆಗೆ ಒಂದು ದೊಡ್ಡ ಹಿತ್ತಾಳೆ ಸೌಟು ನೇತುಹಾಕಿತ್ತು. ಶ್ರಾವಣದ ಕೊನೆಯ ಸೋಮವಾರ ಸಂಜೆಯ ದಾಸೋಹದಲ್ಲಿ ಮೊದಲ ಎಲೆಗೆ ಬಡಿಸುವುದು ಆ ಸೌಟಿನಿಂದ. ಬಡಿಸುತ್ತಿದ್ದವನು ಮಲ್ಲಿಕಾರ್ಜುನಪ್ಪನ ಅಪ್ಪ ಎರ್ರಪ್ಪ. ಎರ್ರಪ್ಪ ಮಾತು ಕಡಿಮೆ, ಸೌಟು ಜಾಸ್ತಿ. ಎಲ್ಲರೂ ಉಂಡೆದ್ದ ಮೇಲೆ ತಾನೇ ಎಂಜಲು ಬಳಿದು, ಅಡುಗೆ ಬೇಯಿಸಿದ ದೊಡ್ಡ ಗುಂಡಿ ಪಾತ್ರೆಗಳನ್ನು ತಾನೇ ತೊಳೆದು, ಕಡೆಗೆ ಉಳಿದದ್ದನ್ನು ಉಣ್ಣುತ್ತಿದ್ದ. ಅವನು ಹೋದ ಮೇಲೆ ಸೌಟು ಮೊಳೆಗೇರಿತು. ಅಯ್ಯನವರು ಅದನ್ನು ಯಾರ ಕೈಗೂ ಕೊಡಲಿಲ್ಲ. ಮಲ್ಲಿಕಾರ್ಜುನಪ್ಪ ಫ್ಯಾನು, ಬೆಂಚು, ಗಂಟೆ, ಲೋಟ ಅಂತ ಏನೇನು ಕೊಡಿಸಿದ್ದನೋ ಅಷ್ಟೂ ಆ ಸೌಟಿನ ಮೇಲೆ ಕಣ್ಣಿಟ್ಟೇ. ಫ್ಯಾನು, ಗಂಟೆ ನೇತುಬಿದ್ದವು, ಸೌಟು ಇಳಿಯಲಿಲ್ಲ.

ಆವತ್ತು ನಗು ನಿಂತ ಮೇಲೆ ಅವನು ಎದ್ದು ನಿಂತು ಕೇಳಿಯೇಬಿಟ್ಟ. "ಅಯ್ನೋರೇ, ನಮ್ಮಪ್ಪನ ಸೌಟು ನನ್ ಕೈಗೆ ಯಾವಾಗ ಕೊಡ್ತೀರಿ?"

ಅಯ್ಯನವರು ಮುಖ ಒರೆಸಿಕೊಂಡು ನಿಧಾನವಾಗಿ ಹೇಳಿದರು. "ಕೊಡಾನ. ಮುಂದಿನ ಸೋಮವಾರ ಶ್ರಾವಣದ ಕಡೇದು, ಆವತ್ತು ಸಂಜೆ ಸೌಟು ಇಳುಸ್ತೀನಿ. ಅಷ್ಟರೊಳಗೆ ಯಾರು ಒಂದು ದಿನ ಎಂಜಲು ಬಳಿದು ಪಾತ್ರೆ ತೊಳೆದು ಬತ್ತಾರೋ ಅವ್ರಿಗೆ. ಆದ್ರೆ ಒಂದು ಮಾತು ಕಣಪ್ಪ. ಮಾಡಿದೋರು ಯಾರು ಅಂತ ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು. ಗೊತ್ತಾಯ್ತೋ, ಲೆಕ್ಕಕ್ಕಿಲ್ಲ. ಇದು ಎಲ್ಲಾರಿಗೂ ಹೇಳಿದ್ದು."

"ಯಾರಿಗೂ ಗೊತ್ತಾಗ್ದಿದ್ರೆ ನಿಮಗೆ ಹೆಂಗೆ ಗೊತ್ತಾಗ್ತದೆ?"

"ನಂಗೆ ಗೊತ್ತಾಗ್ತದೆ," ಅಂದರು ಅಯ್ಯನವರು. ಫ್ಯಾನು ಮತ್ತೆ ತಿರುಗಿತು.

ಮಲ್ಲಿಕಾರ್ಜುನಪ್ಪ ಗಟ್ಟಿ ಮನಸ್ಸು ಮಾಡಿದ. ಹಿಂದೂಪುರದಲ್ಲೇ ತನ್ನಷ್ಟು ವಿನಯ ಇನ್ನೊಬ್ಬನಿಗಿಲ್ಲ ಅಂತ ತೋರಿಸಿಬಿಡಬೇಕು. ಆದರೆ ಯಾರಿಗೂ ಕಾಣದ ಹಾಗೆ ತೋರಿಸಬೇಕು. ಊರಲ್ಲಿ ಮಾಡಿದರೆ ಗುಟ್ಟು ನಿಲ್ಲದು. ಪರಿಗಿ, ಲೇಪಾಕ್ಷಿ ಅಂದರೂ ಅಲ್ಲೆಲ್ಲ ಅವನ ಗಿರಾಕಿಗಳು. ಕಲ್ಯಾಣದುರ್ಗದಲ್ಲಿ ಒಂದು ಮಠವಿದೆ, ಕಡೆ ಸೋಮವಾರ ಮಧ್ಯಾಹ್ನ ಅಲ್ಲಿ ದೊಡ್ಡ ದಾಸೋಹ, ಮುಗಿಸಿಕೊಂಡು ಸಂಜೆಯೊಳಗೆ ವಾಪಸು ಬರಬಹುದು. ಅಲ್ಲಿ ತನ್ನನ್ನು ಬಲ್ಲವರು ಒಬ್ಬರೂ ಇಲ್ಲ. ಬೇರೆ ದಿನವಾಗಿದ್ದರೆ ಇದೇ ಅವನಿಗೆ ದುಃಖದ ಸಂಗತಿಯಾಗುತ್ತಿತ್ತು.

ಸೋಮವಾರ ಬೆಳಗಾಗುತ್ತಲೇ ಹೆಂಡತಿ ನಾಗರತ್ನಳಿಗೆ, "ಪರಿಗಿಗೆ ಹೋಗಿ ಹುಣಸೆಹಣ್ಣು ನೋಡ್ಕೊಂಡು ಬತ್ತೀನಿ. ಅಂಗಡಿ ನೀನು ನೋಡ್ಕೋ," ಎಂದ.

"ಈಗ ಹುಣಸೆಹಣ್ಣು ಎಲ್ಲೈತ್ರೀ? ಹೊಸ ಹಣ್ಣು ಬರಕ್ಕೆ ಇನ್ನೂ ಎಷ್ಟು ತಿಂಗಳಾಗಬೇಕು," ಅಂದಳು ಅವಳು.

"ಅದಕ್ಕೇ ನೋಡ್ಕೊಂಡು ಬತ್ತೀನಿ ಅಂದಿದ್ದು, ತಗೊಂಡು ಬತ್ತೀನಿ ಅನ್ಲಿಲ್ಲ."

ನಾಗರತ್ನ ದೇವರ ಮುಂದೆ ದೀಪ ಹಚ್ಚಲು ಹೋದಳು. ಮಲ್ಲಿಕಾರ್ಜುನಪ್ಪ ಒಂದು ಹಳೇ ಪಂಚೆ ಇಟ್ಟುಕೊಳ್ಳೋದಕ್ಕೆ ಚೀಲ ಹುಡುಕಿದ. ಮನೆಯಲ್ಲಿದ್ದ ಚೀಲಗಳ ಮೇಲೆಲ್ಲ ಅವನ ಅಂಗಡಿಯ ಹೆಸರು, ಕೆಲವದರ ಮೇಲೆ ಅವನ ಫೋಟೋ. ಕಡೆಗೆ ಅಕ್ಕಿ ಡಬ್ಬದ ಹಿಂದೆ ಮಡಚಿಟ್ಟಿದ್ದ ಒಂದು ಹಳದಿ ಬಟ್ಟೆ ಚೀಲ ಸಿಕ್ಕಿತು. ಹಿಡಿ ಕಿತ್ತುಹೋಗಿದ್ದಕ್ಕೆ ಹಸಿರು ದಾರದಲ್ಲಿ ಹೊಲಿಗೆ ಹಾಕಿತ್ತು. ಒಳಮೈ ಹೊರಗಾಗಿದ್ದ ಚೀಲದ ಮೇಲೆ ಹೆಸರಿಲ್ಲ, ಊರಿಲ್ಲ. ಎಂಥ ವಿನಯದ ಚೀಲ ಅಂದುಕೊಂಡು ಅದನ್ನೇ ಕಂಕುಳಿಗೆ ಸಿಕ್ಕಿಸಿದ.

ಗುರುತು ಸಿಗದಿರಲಿ ಅಂತ ತಲೆ, ಗದ್ದ ಎಲ್ಲ ಸೇರಿಸಿ ಟವೆಲು ಸುತ್ತಿಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿ ಕಡೇ ಸೀಟಿನಲ್ಲಿ ಮುದುರಿ ಕುಳಿತ.

"ಯಾಕ್ ಮಲ್ಲಿಕಾರ್ಜುನಪ್ಪ, ಹಲ್ಲು ನೋವಾ?"

ಗಂಗಕ್ಕ! ಹೆಂಗಸರಿಗೆ ಬಸ್ಸು ಫ್ರೀ ಆದಾಗಿನಿಂದ ಗಂಗಕ್ಕ ಮನೆಯಲ್ಲಿ ಇದ್ದದ್ದಕ್ಕಿಂತ ಬಸ್ಸಿನಲ್ಲಿ ಇದ್ದದ್ದೇ ಹೆಚ್ಚು. ಕಲ್ಯಾಣದುರ್ಗದಲ್ಲಿ ಅವಳ ಮಗಳು ತನುಜಾಳ ಮನೆಯಿದೆ ಎನ್ನುವುದು ಮಲ್ಲಿಕಾರ್ಜುನಪ್ಪನಿಗೆ ಮರೆತೇಹೋಗಿತ್ತು.

ಅವನು ಅವಳೇ ಕೊಟ್ಟ ನೆಪವನ್ನು ಕಚ್ಚಿಕೊಂಡ. "ಹೂ ಕಣಕ್ಕ. ತಡೆಯಕ್ಕಾಯ್ತಿಲ್ಲ. ಕಲ್ಯಾಣದುರ್ಗದಲ್ಲಿ ಡಾಕ್ಟ್ರಿಗೆ ತೋರ್ಸನ ಅಂತ."

"ಹಿಂದೂಪುರದಾಗೆ ಹಲ್ಲು ಡಾಕ್ಟ್ರು ಸತ್ತೋದ್ರಾ?"

"ಇವ್ರ ಕೈಗುಣ ಚೆನ್ನಾಗೈತಂತೆ."

"ಹಂಗಾದ್ರೆ ಒಬ್ನೇ ಹೆಂಗಪ್ಪ ಹೋಯ್ತೀಯಾ? ನಾನು ಬತ್ತೀನಿ. ಮಗಳ ಮನೆ ಎಲ್ಲೂ ಓಡೋಗಲ್ಲ. ನೆರೆಯೋರಿಗೆ ಇಷ್ಟೂ ಸೇವೆ ಮಾಡ್ದಿದ್ರೆ ಅಯ್ನೋರ ಪ್ರವಚನ ಕೇಳಿ ಏನು ಬಂತು?"

ಗಂಗಕ್ಕನ ಸೇವೆ ಅಂದರೆ ಬಾವಿಗೆ ಬಿದ್ದ ಕೊಡದ ಹಾಗೆ. ಒಳಗಿಳಿದ ಮೇಲೆ ಎಳೆದರೂ ಬರದು. ಬಸ್ಸಿಳಿದ ಕೂಡಲೇ ಅವನ ರಟ್ಟೆ ಹಿಡಿದು, ಮೂವರನ್ನು ವಿಚಾರಿಸಿ, ಒಂದು ಹಲ್ಲಿನ ಆಸ್ಪತ್ರೆ ಹುಡುಕಿ, ತಾನೇ ಮುಂದೆ ನಿಂತು ಅವನನ್ನು ಕುರ್ಚಿಯಲ್ಲಿ ಒರಗಿಸಿದಳು.

ಡಾಕ್ಟರು ಬಾಯಿಗೆ ಬೆಳಕು ಬಿಟ್ಟು ಒಂದೊಂದೇ ಹಲ್ಲು ತಟ್ಟಿ ನೋಡಿದರು. ಹಿಂದಿನ ಒಂದು ದವಡೆ ಹಲ್ಲು ಮೊದಲೇ ಸ್ವಲ್ಪ ಸಡಿಲವಿತ್ತು. "ಪನ್ನು ಕದುಲುತೋಂದಿ, ತೀಸೇದ್ದಾಂ," ಅಂದರು. ಹಲ್ಲು ಅಲ್ಲಾಡ್ತಿದೆ, ತೆಗೆದೇಬಿಡೋಣ ಅಂತ. ಮಲ್ಲಿಕಾರ್ಜುನಪ್ಪ ಬೇಡ ಬೇಡ ಅಂತ ತಲೆ ಆಡಿಸಿದ.

"ನೋವು ತಡೀಲಾರ್ದೆ ಹೆಂಗೆ ತಲೆ ಆಡುಸ್ತವ್ನೆ ನೋಡಿ ಸಾರ್," ಅಂದಳು ಗಂಗಕ್ಕ. "ತೆಗೆದಾಕ್ಬುಡಿ, ಪುಣ್ಯ ಬತ್ತದೆ."

ಮಲ್ಲಿಕಾರ್ಜುನಪ್ಪ ಕುರ್ಚಿಯಲ್ಲಿ ಮಲಗಿದ ಹಾಗೇ ಯೋಚನೆ ಮಾಡಿದ. ನನಗೆ ಹಲ್ಲು ನೋವಿಲ್ಲ ಅಂತ ಎದ್ದು ನಿಂತರೆ, ಮತ್ತೆ ಯಾಕೆ ಬಂದೆ ಅಂತ ಇವಳು ಕೇಳುತ್ತಾಳೆ. ಕೇಳಿದರೆ ಬಿಡುವವಳಲ್ಲ. ಸಂಜೆಯೊಳಗೆ ಹಿಂದೂಪುರಕ್ಕೆಲ್ಲ ಗೊತ್ತಾಗಿರುತ್ತದೆ. ಹಾಗೆ ನೋಡಿದರೆ ಬಾಯಲ್ಲಿ ಇನ್ನೂ ಬೇಕಾದಷ್ಟು ಹಲ್ಲಿವೆ. ಅಪ್ಪನ ಸೌಟು ಇರೋದು ಒಂದೇ.

ಅವನು ಕಣ್ಣು ಮುಚ್ಚಿ ಬಾಯಿ ತೆರೆದ.

ಹೊರಗೆ ಬಂದಾಗ ಅವನ ಕೆನ್ನೆ ಇಡ್ಲಿಯ ಹಾಗೆ ಉಬ್ಬಿತ್ತು, ಬಾಯಿತುಂಬ ಹತ್ತಿ. ಡಾಕ್ಟರು ಸಂಜೆಯವರೆಗೆ ಮಾತಾಡಬೇಡಿ ಅಂದಿದ್ದರು. ಗಂಗಕ್ಕ ಅವನನ್ನು ಹಿಂದೂಪುರದ ಬಸ್ಸಿಗೆ ತಾನೇ ಹತ್ತಿಸಿ, ಕಂಡಕ್ಟರಿಗೆ, "ನೋಡಪ್ಪ, ಇವ್ರು ಹಲ್ಲು ಕೀಳ್ಸವ್ರೆ. ತಲೆ ಸುತ್ತು. ಎಲ್ಲೂ ಇಳಿಯಕ್ಕೆ ಬಿಡಬ್ಯಾಡ, ಹಿಂದೂಪುರದಾಗೇ ಇಳ್ಸು," ಅಂತ ಒಪ್ಪಿಸಿ, ಬಸ್ಸು ಹೊರಟ ಮೇಲೆಯೇ ಮಗಳ ಮನೆಗೆ ಹೋದಳು.

ಊರು ದಾಟುತ್ತಲೇ ಮಲ್ಲಿಕಾರ್ಜುನಪ್ಪ ಎದ್ದು ನಿಲ್ಲಿಸು ಅಂತ ಕೈ ಬೀಸಿದ.

"ಕೂತ್ಕೋ ಯಜಮಾನ. ಆಯಮ್ಮ ಬಿಡಬ್ಯಾಡ ಅಂದವ್ಳೆ," ಅಂದ ಕಂಡಕ್ಟರು.

ಅವನು ಕೈ ಮುಗಿದ. ಆಗಲಿಲ್ಲ. ಎದೆ ಮುಟ್ಟಿಕೊಂಡ. ಆಗಲಿಲ್ಲ. ಕಡೆಗೆ ಕಂಡಕ್ಟರನ ಹೊಸ ಶರ್ಟಿನ ಕಡೆ ಬಗ್ಗಿ, ಹೊಟ್ಟೆ ಹಿಡಿದುಕೊಂಡು, ವ್ಯಾಕ್ ಅಂದ. ಬಸ್ಸು ಇದ್ದ ಜಾಗದಲ್ಲೇ ನಿಂತಿತು. ಇವನು ಇಳಿದವನೇ ಕಡಲೆಕಾಯಿ ಹೊಲದ ಬದುವಿನ ಮೇಲೆ ಓಟ. ಹಿಂದಿನಿಂದ ಬಸ್ಸಿನವರೆಲ್ಲ ಕೂಗಿದರು, "ಯಜಮಾನ, ಅಷ್ಟು ದೂರ ಯಾಕೆ? ಇಲ್ಲೇ ಕಕ್ಕೋ!"

ನೆತ್ತಿಯ ಬಿಸಿಲಲ್ಲಿ ನಡೆದು ಮಠ ಮುಟ್ಟುವ ಹೊತ್ತಿಗೆ ಮೊದಲ ಪಂಕ್ತಿ ಎದ್ದಿತ್ತು. ಮಲ್ಲಿಕಾರ್ಜುನಪ್ಪ ಅಂಗಿ ಬಿಚ್ಚಿ, ಚೀಲದಲ್ಲಿದ್ದ ಹಳೇ ಪಂಚೆ ಉಟ್ಟು, ಎಂಜಲೆಲೆ ಎತ್ತಲು ಬಗ್ಗಿದ.

"ಎಲ್ಲಿಂದ ಬಂದ್ರಣ್ಣಾ? ಹೆಸ್ರೇನು?" ಕೇಳಿದಳು ಅಲ್ಲಿ ಎಲೆ ಎತ್ತುತ್ತಿದ್ದ ರೇವತಿ ಎನ್ನುವ ಹೆಣ್ಣುಮಗಳು. ಇವನು ಉಬ್ಬಿದ ಬಾಯಿ ತೋರಿಸಿ ಕೈ ಆಡಿಸಿದ.

"ಅಯ್ಯೋ, ಮೌನವ್ರತ!" ಅಂದಳು ಅವಳು. "ಒಳಗಡೆ ಗುಂಡಿ ಪಾತ್ರೆ ರಾಶಿ ಬಿದ್ದೈತೆ ಸಾಮಿ, ತೊಳೆಯೋರಿಲ್ಲ."

ಪಾತ್ರೆ ಅಂದರೆ ಅವೇನು ಪಾತ್ರೆಗಳೇ! ಒಂದೊಂದರೊಳಗೂ ಒಂದು ಸಂಸಾರ ಮಾಡಬಹುದು. ಅವನು ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಿಡಿದು ಒಳಗಿಳಿದ. ಬೆಳಗ್ಗೆ ಹೆಂಡತಿಗೆ ಹೇಳಿದ ಸುಳ್ಳು ಹುಣಸೆಹಣ್ಣಿನ ಮಟ್ಟಿಗೆ ಸತ್ಯವಾಯಿತು. ಹೊರಗೆ ಮೈಕಿನಲ್ಲಿ ದಾನಿಗಳ ಹೆಸರು ಕೂಗುತ್ತಿದ್ದರು. ಅಕ್ಕಿ ಕೊಟ್ಟವರು ಇಂಥವರು, ಎಣ್ಣೆ ಕೊಟ್ಟವರು ಇಂಥವರು. ಪ್ರತಿ ಹೆಸರಿಗೂ ಮಲ್ಲಿಕಾರ್ಜುನಪ್ಪನ ಎದೆಯೊಳಗೆ ಇರುವೆ ಹರಿದಂತಾಯಿತು. ಎದ್ದು ಹೋಗಿ ಮೈಕು ಹಿಡಿದುಬಿಡೋಣ ಅನ್ನಿಸಿತು. ಹತ್ತಿಯನ್ನು ಇನ್ನೂ ಗಟ್ಟಿಯಾಗಿ ಕಚ್ಚಿ, ಇನ್ನೂ ಗಟ್ಟಿಯಾಗಿ ತಿಕ್ಕಿದ.

ತಿಕ್ಕುತ್ತ ತಿಕ್ಕುತ್ತ ಒಂದು ಪಾತ್ರೆಯ ತಳ ಹೊಳೆಯತೊಡಗಿತು. ಅದರಲ್ಲಿ ಬಗ್ಗಿದ ಒಂದು ಮುಖ ಕಂಡಿತು. ಟವೆಲು ಸುತ್ತಿದ, ಬೆವರಿಳಿಯುವ, ಬಾಯಿ ಮುಚ್ಚಿದ ಮುಖ. ಥೇಟ್ ಅಪ್ಪನದೇ. ಎಂಜಲು ಬಳಿದು ಬಂದು ಹಿತ್ತಿಲಲ್ಲಿ ಕೈ ತೊಳೆಯುತ್ತಿದ್ದ ಅಪ್ಪ. ಆಮೇಲೆ ಮೈಕು ಏನು ಕೂಗಿತೋ ಮಲ್ಲಿಕಾರ್ಜುನಪ್ಪನಿಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತು ಅವನಿಗೆ ಸೌಟೂ ನೆನಪಿರಲಿಲ್ಲ, ತನ್ನ ಹೆಸರೂ ನೆನಪಿರಲಿಲ್ಲ. ಪಾತ್ರೆ ಇತ್ತು, ಕೈ ಇತ್ತು, ಅಷ್ಟೇ.

ಆ ಸ್ವಲ್ಪ ಹೊತ್ತಿನಲ್ಲೇ ರೇವತಿ ಹಿಂದಿನಿಂದ ಅವನ ಫೋಟೋ ತೆಗೆದಳು.

ಕಡೇ ಪಾತ್ರೆ ಕವುಚಿಟ್ಟು ಬೆನ್ನು ನೆಟ್ಟಗೆ ಮಾಡಿದಾಗ ಅಡುಗೆಯ ಉಸ್ತುವಾರಿಯ ಸಿದ್ದಲಿಂಗೇಶ್ ಒಂದು ಶಾಲು, ಒಂದು ಹಾರ ಹಿಡಿದು ಹತ್ತು ಜನರ ಜತೆ ಇತ್ತಲೇ ಬರುವುದು ಕಂಡಿತು. ಮಲ್ಲಿಕಾರ್ಜುನಪ್ಪನ ಕತ್ತು ಅಭ್ಯಾಸಬಲದಿಂದ ತಾನಾಗಿಯೇ ಹಾರಕ್ಕೆ ಮುಂದೆ ಬಾಗಿತು. ಮರುಕ್ಷಣ ಅವನಿಗೆ ಎಚ್ಚರವಾಯಿತು. ಅಂಗಿ ಎಳೆದುಕೊಂಡು ಹಿತ್ತಿಲ ಗೋಡೆ ಹತ್ತಿ ಆಚೆಗೆ ಹಾರಿದ. ಬಸ್‌ಸ್ಟ್ಯಾಂಡಿನವರೆಗೂ ತಿರುಗಿ ನೋಡಲಿಲ್ಲ. ಹಳದಿ ಚೀಲ ಪಾತ್ರೆಗಳ ಪಕ್ಕದಲ್ಲೇ ಉಳಿದದ್ದು ಅವನಿಗೆ ನೆನಪಾದದ್ದು ಬಸ್ಸು ಊರು ದಾಟಿದ ಮೇಲೆ. ಹೋದರೆ ಹೋಗಲಿ, ಹೆಸರಿಲ್ಲದ ಚೀಲ ಅಂದುಕೊಂಡ. ಬಂದ ಹಾರವನ್ನು ಬಿಟ್ಟು ಓಡಿದ್ದು ಅವನ ಜೀವನದಲ್ಲಿ ಅದೇ ಮೊದಲು. ದಾರಿಯುದ್ದಕ್ಕೂ ತನ್ನ ವಿನಯಕ್ಕೆ ತಾನೇ ಬೆರಗಾಗುತ್ತ ಬಂದ.

ಹಿಂದೂಪುರದಲ್ಲಿ ಇಳಿದವನೇ ನೆಟ್ಟಗೆ ಮಠಕ್ಕೆ ನಡೆದು, ಅಡುಗೆಮನೆಗೆ ಹೊರಟಿದ್ದ ಅಯ್ಯನವರಿಗೆ ಬಾಗಿಲಲ್ಲೇ ಕೈ ಮುಗಿದ. ಅಂಗಳದಲ್ಲಿ ಎಲೆ ಹಾಕಿತ್ತು, ಯಾರೂ ಕುಳಿತಿರಲಿಲ್ಲ. ಎಲ್ಲರೂ ಗಂಗಕ್ಕನ ಫೋನಿನ ಸುತ್ತ ಬೆಲ್ಲಕ್ಕೆ ನೊಣ ಕವಿದಂತೆ ಕವಿದಿದ್ದರು. ಮಗಳ ಮನೆಯಲ್ಲಿ ಉಂಡು, ಇವನಿಗಿಂತ ಮುಂಚಿನ ಬಸ್ಸಿಗೇ ಗಂಗಕ್ಕ ಬಂದು ಸೇರಿದ್ದಳು.

"ಬಂದ್ಯಾ? ಹಲ್ಲು ಹೆಂಗೈತೆ?" ಅಂದಳು. ಉತ್ತರಕ್ಕೆ ಕಾಯಲಿಲ್ಲ. "ಇಲ್ ನೋಡು! ಕಲ್ಯಾಣದುರ್ಗದ ಮಠದಾಗೆ ಯಾರೋ ಬಂದು, ಮೌನವ್ರತ ಹಿಡ್ದು, ಗುಂಡಿ ಪಾತ್ರೆ ಎಲ್ಲಾ ತೊಳೆದು, ಹಾರ ಹಾಕಕ್ಕೆ ಬಂದ್ರೆ ಗೋಡೆ ಹಾರಿ ಓಡೋಗ್ಬುಟ್ಟನಂತೆ! ಚೀಲ ಬಿಟ್ಟೋಗವ್ನೆ. ಅಲ್ಲಿ ಎಲ್ಲಾರ ಫೋನಿಗೂ ಫೋಟೋ ಬಂದೈತಂತೆ, ನಮ್ ತನುಜಾ ಕಳ್ಸವ್ಳೆ."

ಮೊದಲ ಫೋಟೋದಲ್ಲಿ ಪಾತ್ರೆಯೊಳಗೆ ಅರ್ಧ ಮುಳುಗಿದ ಒಂದು ಬೆನ್ನು. ಎರಡನೆಯದರಲ್ಲಿ ಹಳದಿ ಚೀಲ. ಯಾರ ಚೀಲ ಅಂತ ನೋಡಲು ರೇವತಿ ಅದರ ಒಳಮೈ ಒಳಕ್ಕೆ, ಹೊರಮೈ ಹೊರಕ್ಕೆ ತಿರುಗಿಸಿದ್ದಳು. ಅದರ ಮೇಲೆ ತೆಲುಗಿನ ದಪ್ಪ ಅಕ್ಷರ: ಸೀತಾರಾಮಪ್ಪ ದಿನಸಿ ಅಂಗಡಿ, ಹಿಂದೂಪುರ.

ಮಲ್ಲಿಕಾರ್ಜುನಪ್ಪನಿಗೆ ಕಿತ್ತ ಹಲ್ಲು ಇನ್ನೊಂದು ಸಲ ಕಿತ್ತಂತಾಯಿತು. ಹೆಂಗಸರ ನಡುವೆ ನಿಂತಿದ್ದ ನಾಗರತ್ನ ಫೋಟೋದಲ್ಲಿ ಚೀಲದ ಹಿಡಿಯ ಹಸಿರು ದಾರ ನೋಡಿದಳು, ಗಂಡನ ಮುಖ ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಸೀತಾರಾಮಪ್ಪೋ! ಏನ್ ಭಕ್ತಿನಪ್ಪಾ ನಿಂದು!" ಜನ ಅವನನ್ನು ಮುಂದಕ್ಕೆ ತಳ್ಳಿದರು.

ಸೀತಾರಾಮಪ್ಪ ಗಾಬರಿಯಾಗಿ ಕೈ ಆಡಿಸಿದ. "ನಾನಲ್ಲ ಕಣ್ರಪ್ಪ! ನಾನು ಕಲ್ಯಾಣದುರ್ಗಕ್ಕೇ ಹೋಗಿಲ್ಲ."

"ಬೆಳಗ್ಗೆಯಿಂದ ನಿನ್ನಂಗಡಿ ಶಟರ್ ಎಳೆದಿತ್ತಲ್ಲ?"

"ಹೊಟ್ಟೆ ಕೆಟ್ಟಿತ್ತು. ಮನೇಲಿ ಮಲಗಿದ್ದೆ. ಚೀಲ ಅಂದ್ರೆ ಯಾರ್ ಗಿರಾಕಿದೋ, ಊರಿಗೆಲ್ಲ ಹಂಚಿದೀನಿ."

"ಹೊಟ್ಟೆ ಕೆಟ್ಟಿತ್ತಂತೆ!" ಗಂಗಕ್ಕನ ಕಣ್ಣಲ್ಲಿ ನೀರು ಬಂತು. "ಮಾಡಿದ್ನ ಮಾಡಿಲ್ಲ ಅನ್ನಕ್ಕೆ ಎಂಥಾ ಮನ್ಸು ಬೇಕು ನೋಡ್ರಮ್ಮಾ!"

ಅವನು ಅಲ್ಲ ಅಲ್ಲ ಅಂದಷ್ಟೂ ಜನ ಕೈ ಮುಗಿದರು. ಮಲ್ಲಿಕಾರ್ಜುನಪ್ಪ ಕಂಬಕ್ಕೆ ಒರಗಿ ಹತ್ತಿ ಕಚ್ಚಿಕೊಂಡು ನಿಂತ. ಸುಮ್ಮನಿರು, ಸುಮ್ಮನಿರು, ಗೊತ್ತಾದರೆ ಲೆಕ್ಕಕ್ಕಿಲ್ಲ ಅಂತ ತನಗೆ ತಾನೇ ಹೇಳಿಕೊಂಡ. ಅಷ್ಟರಲ್ಲಿ ಅಯ್ಯನವರು ಅಡುಗೆಮನೆಯಿಂದ ಹೊರಗೆ ಬಂದರು. ಅವರ ಕೈಯಲ್ಲಿ ಎರ್ರಪ್ಪನ ಸೌಟಿತ್ತು. ಅವರು ಜನರನ್ನೊಮ್ಮೆ ನೋಡಿ, ಸೀತಾರಾಮಪ್ಪ ನಿಂತಿದ್ದ ಕಡೆಗೆ ಹೆಜ್ಜೆ ಹಾಕಿದರು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ.

ಮಲ್ಲಿಕಾರ್ಜುನಪ್ಪ ಹತ್ತಿ ಉಗಿದ.

"ನಿಲ್ಸಿ! ಆ ಪಾತ್ರೆ ತೊಳೆದೋನು ನಾನು! ಆ ಬೆನ್ನು ನಂದು!"

ಮಠದ ಹೆಂಚು ಹಾರುವ ಹಾಗೆ ನಗು.

"ಫ್ಯಾನು, ಬೆಂಚು ಎಲ್ಲಾ ಆಯ್ತು, ಈಗ ಪರರ ಬೆನ್ನಿನ ಮೇಲೂ ಹೆಸ್ರು ಬರೀತೀಯೇನಪ್ಪಾ?" ಅಂದ ಒಬ್ಬ.

"ಸತ್ಯ ಕಣ್ರೀ! ಗಂಗಕ್ಕ, ನೀನೇ ಹೇಳು, ನಾನು ಕಲ್ಯಾಣದುರ್ಗದಲ್ಲಿ ಇದ್ನೋ ಇಲ್ವೋ?"

"ಇದ್ದೆ. ಹಲ್ಲು ಕೀಳ್ಸಿ ನಾನೇ ಬಸ್ಸು ಹತ್ಸಿದೆ. ಹಿಂದೂಪುರದಾಗೇ ಇಳ್ಸು ಅಂತ ಕಂಡಕ್ಟ್ರಿಗೂ ಹೇಳಿದ್ದೆ." ಗಂಗಕ್ಕ ಸೊಂಟಕ್ಕೆ ಕೈಯಿಟ್ಟಳು. "ಮಧ್ಯದಾಗೆ ಇಳಿದ್ಬುಟ್ಟೆ ಅಂತೀಯಾ? ಅಂದ್ರೆ ನಾನು ಮಾಡಿದ ಸೇವೆ ಸುಳ್ಳಾ? ಇಂಜೆಕ್ಷನ್ ತಲೆಗೇರೈತೆ ಇವ್ನಿಗೆ."

"ನಾಗರತ್ನಾ! ನೀನಾದ್ರೂ ಹೇಳೇ. ಆ ಚೀಲ ನಮ್ಮನೇದು!"

ಎಲ್ಲರೂ ನಾಗರತ್ನಳ ಕಡೆ ತಿರುಗಿದರು. ಅವಳು ನೆಲ ನೋಡುತ್ತ, "ಪರಿಗಿಗೆ ಹುಣಸೆಹಣ್ಣು ನೋಡಕ್ಕೆ ಹೋಯ್ತೀನಿ ಅಂದಿದ್ರು," ಎಂದಳು. "ಆ ಚೀಲ... ಎದುರಂಗಡಿ ಚೀಲ ನಮ್ಮನೇಗೆ ಯಾಕೆ ಬತ್ತದೆ?"

ಅಯ್ಯನವರು ನಡುವೆ ನಿಂತುಬಿಟ್ಟಿದ್ದವರು, ಒಂದು ನಿಟ್ಟುಸಿರು ಬಿಟ್ಟು ತಿರುಗಿ, ಸೌಟನ್ನು ಸೀತಾರಾಮಪ್ಪನ ಕೈಗಿಟ್ಟರು.

ಪಂಕ್ತಿ ಕುಳಿತ ಮೇಲೆ ಅಯ್ಯನವರು ಮಲ್ಲಿಕಾರ್ಜುನಪ್ಪನನ್ನು ಒಳಗೆ ಕರೆದರು. "ಕೈ ತೋರ್ಸು," ಅಂದರು. ಉಗುರುಗಳ ಸಂದಿಯಲ್ಲಿ ಮಸಿ. ಅಂಗೈ ಹುಣಸೆಹುಳಿಗೆ ಸುಕ್ಕುಸುಕ್ಕಾಗಿತ್ತು.

"ನೀನು ಬಾಗಿಲಲ್ಲಿ ಕೈ ಮುಗಿದಾಗ್ಲೇ ನೋಡ್ದೆ. ನಿಮ್ಮಪ್ಪನ ಕೈ ದಿನಾ ಹಿಂಗೇ ಇರ್ತಿತ್ತು."

"ಮತ್ತೆ ಸೌಟು ಅವನಿಗ್ಯಾಕೆ ಕೊಟ್ರಿ ಅಯ್ನೋರೇ?" ಅಂದ ಮಲ್ಲಿಕಾರ್ಜುನಪ್ಪ.

"ನಾನು ಬತ್ತಾ ಇದ್ದದ್ದು ನಿನ್ ಕಡೆಗೇ ಕಣಪ್ಪ. ಕಂಬದ ಹತ್ರ ನಿಂತಿದ್ದೆ ನೀನು, ಸೀತಾರಾಮಪ್ಪನ ಹಿಂದುಗಡೆ. ಇನ್ನು ನಾಲ್ಕು ಹೆಜ್ಜೆ ಬಾಕಿ ಇತ್ತು. ಬಾಯಿ ಬಿಟ್ಟೆ." ಅಯ್ಯನವರು ಅವನ ಬೆನ್ನು ಸವರಿದರು. "ಅವ್ನು ತನ್ದಲ್ಲದ ಹೊಗಳಿಕೆ ಬೇಡ ಅಂದ. ನೀನು ನಿನ್ದೇ ಆದ್ರೂ ಬಿಡಕ್ಕಾಗಲಿಲ್ಲ. ಹೋಗ್ಲಿ, ಶ್ರಾವಣ ವರ್ಷಾ ಬತ್ತದೆ."

ಮಲ್ಲಿಕಾರ್ಜುನಪ್ಪ ಊಟಕ್ಕೆ ಕೂರದೆ ಮನೆಗೆ ಬಂದ. ಬಾಯಿ ನೋವು, ಮನಸ್ಸಿನ ನೋವು, ಎರಡೂ ಒಂದೇ ಕಡೆ ನೋಯುತ್ತಿದ್ದವು. ನಾಗರತ್ನ ಮೆತ್ತಗಿನ ಮುದ್ದೆ, ಬಿಸಿ ಬೇಳೆಸಾರು ಮುಂದಿಟ್ಟಳು. ಬೇಳೆ ಬೆಣ್ಣೆಯಾಗಿತ್ತು, ನಾಲಿಗೆಯ ಮೇಲೆ ಇಟ್ಟರೆ ಕರಗಿತು. ಅವನು ದಿನವೂ ಗಿರಾಕಿಗಳಿಗೆ ಹೇಳುವ ಮಾತೇ ಅದು: ನಮ್ಮಂಗಡಿ ತೊಗರಿಬೇಳೆ ಬೆಣ್ಣೆ ಕಣ್ರೀ, ಬೇಕಾದ್ರೆ ನಮ್ಮನೆ ಸಾರು ನೋಡ್ಬನ್ನಿ.

ಎರಡು ತುತ್ತು ಇಳಿದ ಮೇಲೆ ಕೇಳಿದ. "ಆ ಚೀಲ ನಮ್ಮನೇಗೆ ಹೆಂಗೆ ಬಂತು?"

ನಾಗರತ್ನ ಸಾರಿನ ಪಾತ್ರೆಯಲ್ಲಿ ಸೌಟು ಆಡಿಸಿದಳು. "ನಮ್ಮಂಗಡಿ ಬೇಳೆ ಎರಡು ಸಲ ಕುಕ್ಕರ್ ಕೂಗ್ಸಿದ್ರೂ ಕಲ್ಲು ಕಣ್ರೀ. ಅಗ್ಗ ಅಂತ ಹಳೇ ಮಾಲು ತರ್ತೀರಿ. ನಿಮಗೆ ಹೇಳಿದ್ರೆ ನೊಂದ್ಕೊಂತೀರಿ. ಜನಕ್ಕೆ ಗೊತ್ತಾದ್ರೆ ಅಂಗಡಿ ಮರ್ಯಾದೆ ಹೋಯ್ತದೆ. ಅದಕ್ಕೇ ನೀವಿಲ್ದಾಗ ಎದುರಂಗಡಿಯಿಂದ ಬೇಳೆ ತಂದು, ಚೀಲ ಒಳಮೈ ಹೊರಕ್ಕೆ ಮಾಡಿ ಅಕ್ಕಿ ಡಬ್ಬದ ಹಿಂದೆ ಇಡ್ತಿದ್ದೆ. ಸೀತಾರಾಮಪ್ಪನೋರೂ ಯಾರಿಗೂ ಬಾಯಿ ಬಿಡ್ಲಿಲ್ಲ."

"ಎಷ್ಟು ದಿನದಿಂದ?"

"ಮಾವನೋರು ಇದ್ದಾಗಿಂದ. ಅವ್ರಿಗೂ ಗೊತ್ತಿರ್ಲಿಲ್ಲ."

ಮಲ್ಲಿಕಾರ್ಜುನಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಇಷ್ಟು ವರ್ಷ, ದಿನಕ್ಕೆರಡು ಹೊತ್ತು, ಬೇಳೆ ಮಾರಿದವನನ್ನು ಬಿಟ್ಟರೆ ಒಂದು ನರಪಿಳ್ಳೆಗೂ ಗೊತ್ತಾಗದ ಹಾಗೆ! ಸೌಟು ಅವಳ ಕೈಯಲ್ಲೇ ಇತ್ತು. ಅವನ ಮುಂದೆ ಉಗಿಯಾಡುತ್ತ ನಿಂತಿತ್ತು. ಅವನು ಬೇರೆ ಸೌಟಿಗಾಗಿ ಕಲ್ಯಾಣದುರ್ಗದವರೆಗೂ ಹೋಗಿ ಹಲ್ಲು ಕೊಟ್ಟು ಬಂದಿದ್ದ.

"ಮತ್ತೆ ಮಠದಾಗೆ ಯಾಕೆ ಹೇಳ್ಲಿಲ್ಲ?" ಅಂದ, ಮೆತ್ತಗೆ.

"ಹೇಳಿದ್ರೆ ನಿಮ್ ಮಾತು ಉಳೀತಿತ್ತು, ಅಂಗಡಿ ಹೋಗ್ತಿತ್ತು," ಅಂದಳು ನಾಗರತ್ನ. ಇನ್ನೊಂದು ಸೌಟು ಸಾರು ಬಿಟ್ಟು, "ಚೆನ್ನಾಗಿ ಉಣ್ಣಿ. ಇದೇ ಕಡೇದು," ಅಂದಳು.

"ಯಾಕೆ?"

"ಈಗ ನಿಮಗೆ ಗೊತ್ತಾಗೋಯ್ತಲ್ಲ. ಚೀಲಾನೂ ಊರಿಗೆಲ್ಲ ಗುರುತಾಗೋಯ್ತು. ನಾನು ಇನ್ನೊಂದು ಅಂಥಾ ಚೀಲ ಹಿಡ್ಕೊಂಡು ಎದುರಂಗಡಿಗೆ ಹೋದ್ರೆ ಗಂಗಕ್ಕ ಬಿಡ್ತಾಳಾ? ನಾಳೆಯಿಂದ ನಮ್ಮಂಗಡಿ ಬೇಳೇನೇ."

ಮಾರನೇ ದಿನ ಮಧ್ಯಾಹ್ನ ಮಲ್ಲಿಕಾರ್ಜುನಪ್ಪ ಅಂಗಡಿಗೆ ಅಂಟಿದ ಮನೆಯ ಜಗಲಿಯ ಮೇಲೆ ಕೂತು ಉಣ್ಣುತ್ತಿದ್ದ. ಹಲ್ಲು ಕಿತ್ತ ಕಡೆ ಅಗಿಯುವ ಹಾಗಿರಲಿಲ್ಲ. ಇನ್ನೊಂದು ಕಡೆಯಿಂದ ಒಂದೊಂದೇ ಬೇಳೆಯನ್ನು ಹಿಡಿದು ಅರೆಯುತ್ತಿದ್ದ. ಸದ್ದು ಬೀದಿಗೆ ಕೇಳುತ್ತಿತ್ತು. ಬಸ್ಸಿಗೆ ಹೊರಟಿದ್ದ ಗಂಗಕ್ಕ ನಿಂತಳು.

"ಏನಪ್ಪ ಅದು, ಹಲ್ಲು ಕೀಳ್ಸಿದ ಮಾರನೇ ದಿನಕ್ಕೇ ಕಡಲೆ ಕಡೀತಾ ಇದೀಯಾ? ಬೇಳೆಸಾರು ಮಾಡ್ಸಿಕೊಂಡು ಉಣ್ಣಬಾರ್ದಾ?"

ಎದುರಂಗಡಿಯಲ್ಲಿ ಸೀತಾರಾಮಪ್ಪ ತಲೆಯೆತ್ತಿದ. ಮಲ್ಲಿಕಾರ್ಜುನಪ್ಪನ ಅಂಗಡಿ ಮುಂದೆ ಇಬ್ಬರು ಗಿರಾಕಿಗಳೂ ನಿಂತಿದ್ದರು.

"ಬೇಳೆಸಾರೇ ಕಣಕ್ಕ," ಅಂದ ಮಲ್ಲಿಕಾರ್ಜುನಪ್ಪ, ಕಣ್ಣಲ್ಲಿ ನೀರು ತುಂಬಿಕೊಂಡು. "ನಮ್ಮಂಗಡಿದು. ಬೆಣ್ಣೆ, ಬೆಣ್ಣೆ."